ಪುಟ್ಟಿಯ ಹೆಬ್ಬೆರಳು

ಗೆಳೆಯರೇ, ಇವತ್ತು ನಮ್ಮ ಮನೆಯಲ್ಲಿ ನನಗೊಂದು ಅನ್ಯಾಯವಾಯಿತು.

ಅಕ್ಕನ ಮಗಳು ಪುಟ್ಟಿ ಓದು ಕಲಿಯಲೆಂದು ಶಿಕಾರಿಪುರದ ಪೇಟೆಯಿಂದ ಚಿತ್ರ-ಪದಗಳ ಕಾರ್ಡು ತಂದವಳು ನಾನು. ಎಲ್ಲವನ್ನೂ ಕವುಚಿಟ್ಟು, ಒಮ್ಮೆ ತಿರುವಿ ನೋಡಿದ್ದು ಎಲ್ಲಿದೆಯೆಂದು ನೆನಪಿಟ್ಟುಕೊಂಡು, ಚಿತ್ರಕ್ಕೆ ಅದರ ಹೆಸರನ್ನು ಹುಡುಕಿ ಜೋಡಿಸಬೇಕು. ಸೊರಬದ ಕಡೆಯಿಂದ ಈಚೆಗೆ ಮದುವೆಯಾಗಿ ಬಂದ ಅತ್ತಿಗೆಗೂ ಆಟ ಹೇಳಿಕೊಟ್ಟವಳು ನಾನೇ.

ಇವತ್ತು ಅತ್ತಿಗೆ ಎತ್ತಿದ್ದು ಮೊರದ ಚಿತ್ರ. ಹೆಸರು ಎಲ್ಲಿದೆಯೆಂದು ಅವರು ತಡಕಾಡುತ್ತಿರುವಾಗ, ಅವರ ತೊಡೆಯ ಮೇಲೆ ಕೂತಿದ್ದ ಪುಟ್ಟಿ ಕಾಲಿನ ಹೆಬ್ಬೆರಳಿನಿಂದ ಒಂದು ಕಾರ್ಡನ್ನು ಮೆಲ್ಲಗೆ ತಳ್ಳಿದಳು.

"ಏಯ್, ಅಕ್ಷರಕ್ಕೆ ಕಾಲು ತಾಗಿಸ್ತಾರೇನೆ? ಸರಸ್ವತಿ ಅದು!" ಎಂದು ಗದರಿದೆ.

ಪುಟ್ಟಿ ತಕ್ಷಣ ಆ ಕಾರ್ಡನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. ಆಮೇಲೆ, "ನಮಸ್ಕಾರ ಮಾಡ್ದೆ ಚಿಕ್ಕಿ. ತಗೋ ಅತ್ತೆ," ಎಂದು ಅವರ ಕೈಗೇ ಕೊಟ್ಟಳು. 'ಮೊರ' ಎಂದಿತ್ತು.

"ಇದು ಲೆಕ್ಕಕ್ಕಿಲ್ಲ ಅತ್ತಿಗೆ!"

"ಸರಸ್ವತಿನೇ ಕೊಟ್ರೆ ಬ್ಯಾಡ ಅನ್ನಕಾಗುತ್ತೇನೆ?" ಎಂದು ಅತ್ತಿಗೆ ನಕ್ಕರು. ಪುಟ್ಟಿ ಅವರ ಸೆರಗಿನೊಳಗೆ ಮುಖ ಹುದುಗಿಸಿ ನಕ್ಕಳು.

ಕಳ್ಳಾಟಕ್ಕೆ ನನ್ನ ತಕರಾರಿಲ್ಲ. ಹೋದ ವಾರದ ತನಕ ಅದೇ ಹೆಬ್ಬೆರಳು ನನ್ನ ತೊಡೆಯ ಮೇಲಿಂದ ಕೆಲಸ ಮಾಡುತ್ತಿತ್ತು. ಆಗ ನನಗೆ ಸರಸ್ವತಿಯ ನೆನಪಾಗಿರಲಿಲ್ಲ, ಅಷ್ಟೆ.