ಎಡಕ್ಕೆ ಹೊರಳಿದರೆ ಕೂಗುವ ಕಾರು

ಇವತ್ತು ಬೆಳಿಗ್ಗೆ ನಮ್ಮ ಕುಕ್ಕರು ಸಿಳ್ಳೆ ಹಾಕುವುದನ್ನು ಬಿಟ್ಟು ಸುತ್ತಲೂ ಬುಸುಗುಟ್ಟತೊಡಗಿತು. ಮುಚ್ಚಳ ತೆಗೆದು ನೋಡಿದರೆ ರಬ್ಬರು ಸಡಿಲಾಗಿತ್ತು. ಹೊಸದೊಂದು ಕಪಾಟಿನಲ್ಲಿತ್ತು. ಹಳೆಯದನ್ನು ಕಸದ ಬುಟ್ಟಿಗೆ ಹಾಕಲು ಹೋದವಳು ಹಾಗೇ ನಿಂತುಬಿಟ್ಟೆ. ನಿಮಗೆ ನಗು ಬರಬಹುದು, ಕುಕ್ಕರಿನ ರಬ್ಬರು ಕಂಡರೆ ನನಗೆ ಅನ್ನ ನೆನಪಾಗುವುದಿಲ್ಲ, ಕಾರು ನೆನಪಾಗುತ್ತದೆ. ಅದೂ ನಮ್ಮ ತುರೋರಿ ಕಾಕಾನ ಕಾರು.

ಕಾಕಾ ಅಂದರೆ ನಮ್ಮಪ್ಪನ ತಮ್ಮ ಶಿವಲಿಂಗಯ್ಯ. ಮರಾಠಿ ಗಡಿಯ ತುರೋರಿ ಊರಿನ ಮನೆಗಳಿಗೆಲ್ಲ ಅಯ್ಯನವರು. ಕೂಸಿಗೆ ಲಿಂಗ ಕಟ್ಟುವುದಿರಲಿ, ಹೊಸ ಮನೆ ಹೊಗುವುದಿರಲಿ, ಅವನೇ ಬೇಕು. ಮನೆ ಹೆದ್ದಾರಿಯ ಪಕ್ಕದಲ್ಲೇ. ಹುಟ್ಟಿದಾಗಿನಿಂದ ಲಾರಿ ನೋಡಿ ನೋಡಿ ಅವನ ತಲೆಗೆ ಡೀಸೆಲ್ಲು ಹತ್ತಿತ್ತೆಂದು ನನ್ನ ಅನುಮಾನ. ಒಂದು ದಿನ ಕೊಲ್ಲಾಪುರದ ಕಡೆಯಿಂದ ಟೆಂಪೋದಲ್ಲಿ ಅವನ ಕಾರು ಬಂತು, ಬಿಡಿ ಬಿಡಿಯಾಗಿ. ಮನೆಯಲ್ಲೇ ಜೋಡಿಸಿಕೊಳ್ಳುವ ಕಾರಂತೆ. ಅಂಗಳದಲ್ಲಿ ಬಿದ್ದ ಆ ರಾಶಿಯನ್ನು ನೋಡಿ ಅವನ ಹೆಂಡತಿ ಮಹಾನಂದಾ ಕಾಕು ಕೇಳಿದ್ದು ಒಂದೇ ಮಾತು:

"ಏನ್ರೀ, ಇದು ಇನ್ನಾ ಹುಟ್ಟಬೇಕೋ, ಆಗಳೇ ಸತ್ತದೋ?"

ಕಬ್ಬಿಣದ ಕೆಲಸವನ್ನು ವೆಲ್ಡಿಂಗಿನವನು ಮಾಡಿಕೊಟ್ಟ. ವೈರಿಂಗಿಗೆ ಮಾತ್ರ ಕಾಕಾ ಯಾರನ್ನೂ ಹತ್ತಿರ ಬಿಡಲಿಲ್ಲ. "ದಾರ ಕಟ್ಟೋದು ನಮ್ಮ ಮನಿತನದ ಕಸುಬು. ಮೆಕ್ಯಾನಿಕ್ ನನಗೇನ್ ಕಲಸ್ತಾನ?" ಅಂದ. ಮಾತು ಸುಳ್ಳಲ್ಲ. ಅವನು ಹೊಸೆದು ಕೊಟ್ಟ ಶಿವದಾರ ಕಡಿದು ಯಾರ ಕೊರಳಿನ ಲಿಂಗವೂ ಕೆಳಗೆ ಬಿದ್ದದ್ದಿಲ್ಲ. ಅದೇ ಹುರಿ, ಅದೇ ಗಂಟು ಹಾಕಿ, ಗೇಣಿಗೊಂದರಂತೆ ವೈರುಗಳನ್ನು ಚೌಕಟ್ಟಿಗೆ ಬಿಗಿದ. ಬೆರಳಿನಿಂದ ಮೀಟಿದರೆ ತಂಬೂರಿಯಂತೆ ನುಡಿಯುತ್ತಿದ್ದವು. ವೈರು ಸವೆಯಬಾರದೆಂದು ಮೇಲೆ ಬಟ್ಟೆ ಬೇರೆ ಸುತ್ತಿದ. ಹಾರ್ನಿಗೆ ಹಸಿರು, ದೀಪಕ್ಕೆ ಕೆಂಪು, ವೈಪರಿಗೆ ಹಳದಿ. ಎಲ್ಲವೂ ಕುಪ್ಪಸದ ಖಣ. ಅಯ್ಯನವರ ಮನೆಯಲ್ಲಿ ಖಣಕ್ಕೇನು ಬರವೇ? ಎಲ್ಲಿಂದ ತೆಗೆದನೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಇಷ್ಟಾದರೂ ಕಾಕು ಕಾರು ಹತ್ತಲು ಒಪ್ಪಲಿಲ್ಲ. ಕೊನೆಗೆ ಶರತ್ತು ಹಾಕಿದವನು ದೇವಣಿಯಲ್ಲಿದ್ದ ಅವಳ ಅಣ್ಣ. ಆತ ಎತ್ತು ಸಾಕುವ ಮನುಷ್ಯ, ಎಂಜಿನ್ನೆಂದರೆ ಅಷ್ಟಕ್ಕಷ್ಟೆ. ಫೋನಿನಲ್ಲೇ ತಂಗಿಯ ಗಂಡನನ್ನು ಕೆಣಕಿದ: "ದಾಜೀ, ತುರೋರಿಲಿಂದ ದೇವಣಿತನಾ ಹೊರಗಿನವರ ಕೈ ಹತ್ತದಂಗ ಬಂದ್ರ ಗಾಡಿ ನಿಮ್ದು. ನಡುವ ಯಾರರ ನೂಕಿದ್ರ, ರಿಪೇರಿ ಮಾಡಿದ್ರ, ನನ್ನ ಎತ್ತು ಹೂಡಿ ಎಳಕೊಂಡ್ ಬರ್ತೀನಿ. ಆಮ್ಯಾಲ ಅದು ನಮ್ಮ ಕೊಟ್ಟಿಗ್ಯಾಗ ಕಣಕಿ ಹಾಕಲಿಕ್ಕಿ." ಕಾಕಾ ರೋಷದಲ್ಲಿ ಹೂಂ ಅಂದುಬಿಟ್ಟ. ತನ್ನ ಕೈಯಾರೆ ಕಟ್ಟಿದ ಕಾರಿನಲ್ಲಿ ದನ ಮೇವು ತಿನ್ನುವ ಚಿತ್ರ ಕಣ್ಣಿಗೆ ಕಟ್ಟಿ, ಆ ವಾರವೆಲ್ಲ ಅವನಿಗೆ ರೊಟ್ಟಿ ಸೇರಲಿಲ್ಲ. ಕಾಲೇಜಿಗೆ ರಜೆಯಿದ್ದ ನಾನು ಪಂಚಳಾದೆ.

ತವರಿಗೆ ಹೋಗುವುದೆಂದ ಮೇಲೆ ಕಾಕುವೂ ಹತ್ತಿದಳು. ಹೊರಟೆವು. ಉಮರ್ಗಾದಲ್ಲಿ ಮೊದಲ ಎಡ ತಿರುವಿಗೆ ಹಾರ್ನು ತಾನಾಗಿಯೇ ಕೂಗಿತು. ಕಾಕಾ ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು, ಕುತ್ತಿಗೆ ನೆಟ್ಟಗೆ ಮಾಡಿ ಕೂತಿದ್ದ.

"ಯಾರೂ ಇಲ್ಲಲ್ರೀ, ಯಾಕ ಒದರಿಸ್ಲತ್ತೀರಿ?" ಅಂದಳು ಕಾಕು.

"ಬಂದ್ವಿ ಅಂತ ಗೊತ್ತಾಗ್ಲಿ ಅಂತ," ಅಂದ ಕಾಕಾ.

ಮುಂದಿನ ಎಡ ತಿರುವಿಗೂ ಕೂಗಿತು. ಬಲಕ್ಕೆ ಹೊರಳಿದರೆ ಮೌನ. ದಾರಿಯುದ್ದಕ್ಕೂ ಜನ ಯಾವನೋ ಪುಢಾರಿ ಬಂದನೆಂದು ಬದಿಗೆ ಸರಿದರು, ಒಬ್ಬ ಮುದುಕ ಕೈಯನ್ನೂ ಮುಗಿದ. ಕಾಕಾ ಗಂಭೀರವಾಗಿ ಆಶೀರ್ವಾದ ಮಾಡಿದ. ನಿಲಂಗಾ ಬಸ್ ಸ್ಟ್ಯಾಂಡಿನ ಹತ್ತಿರ ಮತ್ತೆ ಎಡಕ್ಕೆ ಹೊರಳಿದ್ದೇ ತಡ, ಹಾರ್ನು ಹಿಡಿದ ರಾಗ ಬಿಡಲೇ ಇಲ್ಲ. ಕೋರ್ಟಿನ ಮುಂದಿದ್ದ ವಕೀಲರೆಲ್ಲ ತಿರುಗಿ ನೋಡಿದರು. ಅಷ್ಟರಲ್ಲಿ ಬಟ್ಟೆ ಸುಟ್ಟ ವಾಸನೆ ಬಂತು.

ಕಾಕಾ ಇಳಿದು ಬ್ಯಾಟರಿಯ ವೈರು ಕಿತ್ತ. ರಾಗ ನಿಂತಿತು. ಬಾನೆಟ್ಟಿನೊಳಗೆ ನೋಡಿದರೆ, ಬಿಗಿದು ಕಟ್ಟಿದ ಹಾರ್ನಿನ ವೈರು ಪ್ರತಿ ಎಡ ತಿರುವಿಗೂ ಜಗ್ಗಿ ಜಗ್ಗಿ, ಅದು ಒಳಗೆ ಹೋಗುವ ತಗಡಿನ ತೂತಿನ ಅಂಚಿಗೆ ತಿಕ್ಕಿ, ಮೈ ಸುಲಿದುಕೊಂಡಿತ್ತು; ಬರಿ ತಂತಿ ತಗಡಿಗೆ ತಾಗಿದಾಗಲೆಲ್ಲ ಹಾರ್ನು ಕೂಗುತ್ತಿತ್ತು. ಎಂಜಿನ್ನಿನ ಬಿಸಿ ಕೊಳವೆಗೆ ತಾಗಿ ಹಸಿರು ಖಣ ಹೊಗೆಯಾಡುತ್ತಿತ್ತು. ಕಾಕು ಬಗ್ಗಿ ನೋಡಿದಳು. ವೈರನ್ನಲ್ಲ, ಖಣವನ್ನು.

"ಇದು ನಮ್ಮವ್ವ ಉಡಿ ತುಂಬಿದ್ದು."

ಕಾಕಾನ ಮುಖದಲ್ಲಿ ವಿಭೂತಿ ಬಿಟ್ಟರೆ ಬೇರೆ ಬಣ್ಣ ಉಳಿಯಲಿಲ್ಲ. ಅಷ್ಟು ಹೊತ್ತಿಗೆ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು ಒಬ್ಬ ಮೆಕ್ಯಾನಿಕ್ ಓಡಿಬಂದ. "ಕಾಯ್ ಝಾಲಂ, ಮಹಾರಾಜ? ಬಘೂ ಕಾ?" ಏನಾಯಿತು, ನೋಡಲೇ ಎಂದು ಕೈ ಚಾಚಿದ. ಆ ಕೈ ತಾಗಿದರೆ ಕಾರು ಕೊಟ್ಟಿಗೆಗೆ. ಕಾಕಾ ಹೆಂಡತಿಯ ಮುಖ ನೋಡಿದ. ಒಂದು ಹೂಂ ಅಂದಿದ್ದರೆ ಸಾಕಿತ್ತು, ಖಣದ ಸೇಡು ಅಲ್ಲೇ ತೀರುತ್ತಿತ್ತು.

"ಕಾಹೀ ನಾಹೀ, ಭಾವೂ," ಅಂದಳು ಕಾಕು. "ಘರಚಂಚ ಕಾಮ್ ಆಹೇ."

ಏನೂ ಇಲ್ಲ, ಮನೆಯದೇ ಕೆಲಸವಂತೆ! ಅವನು ಹೋದ ಮೇಲೆ ನಮ್ಮ ಕಡೆ ತಿರುಗಿದಳು. "ಇವರಿಗಿ ನಾ ಬೈಬೇಕು. ನಮ್ಮಣ್ಣನ ಎತ್ತಿನ ಮುಂದ ಇವರ ಮರ್ಯಾದಿ ಹೋಗಬಾರ್ದು." ತನ್ನ ಚೀಲ ಕೆದಕಿ ಹೊಸ ಕುಕ್ಕರ್ ರಬ್ಬರು ತೆಗೆದಳು. ದೇವಣಿಯ ಅವಳ ಅತ್ತಿಗೆ ಉಮರ್ಗಾದಿಂದ ತರಲು ಹೇಳಿದ್ದು. ಚಾಕುವಿನಿಂದ ತುಂಡು ಮಾಡಿ, ಉದ್ದಕ್ಕೆ ಸೀಳಿ, ತೂತಿನ ಅಂಚಿಗೆ ಸುತ್ತಲೂ ಕೂಡಿಸಿದಳು. ಸುಲಿದ ವೈರಿಗೆ ಕಾಕಾ ಟೇಪು ಸುತ್ತಿದ. ಗಂಟುಗಳನ್ನು ಬಿಚ್ಚಲು ಹೋದರೆ ಉಗುರು ಮುರಿದವೇ ಹೊರತು ಗಂಟು ಬಿಚ್ಚಲಿಲ್ಲ. ಕಾಕು ಚಾಕು ಹಾಕಿದಳು.

"ಸಡಿಲು ಬಿಟ್ರ ಬೀಳ್ತದಲ್ಲೇ," ಅಂದ ಕಾಕಾ ನೋವಿನಿಂದ.

"ನಿಮ್ಮ ಕೊರಳಾಗಿಂದು ನೋಡ್ಕೋರಿ. ಗಂಟು ಬಿಗಿ ಅದ, ದಾರ ಎದಿತನಾ ಜೋತಾಡ್ಲತ್ತದ. ಅದನೂ ಹಿಂಗೇ ಬಿಗದಿದ್ರ ನೀವು ಉಸರಾಡ್ತಿದ್ರೇನು?"

ಕಾಕಾ ಕೊರಳು ಮುಟ್ಟಿ ನೋಡಿಕೊಂಡ. ಆಮೇಲೆ ವೈರನ್ನು ಬಿಸಿ ಕೊಳವೆಯಿಂದ ದೂರ ಸರಿಸಿ, ಮೊಣಕೈ ಮಡಚಿದಷ್ಟು ಸಡಿಲು ಬಿಟ್ಟು ಮತ್ತೆ ಕಟ್ಟಿದ. ನನಗಂತೂ ಅವನನ್ನು ನೋಡಿ ಅಯ್ಯೋ ಅನಿಸಿತು, ನಗುವೂ ತಡೆಯಲಿಲ್ಲ.

ದೇವಣಿಯಲ್ಲಿ ಕಾಕುವಿನ ಅಣ್ಣ ಕೊಂಬಿಗೆ ಗೊಂಡೆ ಕಟ್ಟಿದ ಜೋಡೆತ್ತು, ಹೊಸ ಹಗ್ಗ ಎಲ್ಲ ಸಿದ್ಧ ಮಾಡಿಕೊಂಡು ಊರ ಅಗಸೆ ಬಾಗಿಲಲ್ಲೇ ನಿಂತಿದ್ದ. ಕಾರು ತಾನಾಗಿಯೇ ಬಂದದ್ದು ಕಂಡು ಎತ್ತಿಗಿಂತ ಅವನ ಮೋರೆಯೇ ಉದ್ದವಾಯಿತು. "ಹೊರಗಿನವರು ಯಾರರ ಕೈ ಹಚ್ಚ್ಯಾರೇನವಾ?" ಎಂದು ನನ್ನನ್ನೇ ಕೇಳಿದ. ಇಲ್ಲವೆಂದು ಪ್ರಮಾಣ ಮಾಡಿದೆ. ಪಂಚಳ ಮಾತು ಸತ್ಯವಾಗಿತ್ತು. ಆಗ ಒಳಗಿಂದ ಅತ್ತಿಗೆಯ ದನಿ ಬಂತು: "ಮಹಾನಂದಾ, ನನ್ನ ಕುಕ್ಕರಿನ ರಬ್ಬರ್ ತಂದಿಯೇನು?"

ನಾವಿದ್ದಷ್ಟು ದಿನವೂ ಆ ಮನೆಯ ಬೇಳೆ ಬೇಯಲಿಲ್ಲ.

ಈಗ ಉದಗೀರಿನ ನಮ್ಮ ಅಡಿಗೆಮನೆಯಲ್ಲಿ ಇದನ್ನೆಲ್ಲ ನೆನೆಸಿಕೊಂಡು ನಗುತ್ತ ನಿಂತಿರುವಾಗಲೇ ಓಣಿಯ ಎಡ ತಿರುವಿನಲ್ಲಿ ಹಾರ್ನು ಕೂಗಿತು. ಊಟಕ್ಕೆ ಬರುತ್ತೇವೆಂದಿದ್ದ ಕಾಕಾ-ಕಾಕು. ಕೈಯಲ್ಲಿದ್ದುದನ್ನು ಹಿಡಿದೇ ಹೊರಗೆ ಓಡಿದೆ: ಹಾರ್ನು ಕೂಗಿತೆಂದರೆ ಕಾರಿನ ರಬ್ಬರು ಸವೆದಿದೆ. ಕಾಕು ಇಳಿದವಳೇ ಬಾನೆಟ್ಟು ಎತ್ತಿ ಬಗ್ಗಿದಳು. ಸುಟ್ಟ ಅಂಚಿನ ಆ ಹಸಿರು ಖಣ ಇನ್ನೂ ಅಲ್ಲೇ ಇತ್ತು. ಬಿಚ್ಚಲು ಅವಳೇ ಬಿಟ್ಟಿಲ್ಲ. ನನ್ನ ಕೈಯಲ್ಲಿದ್ದ ಹಳೆಯ ರಬ್ಬರು ನೋಡಿ, "ಅದನ್ನ ಚೆಲ್ಲಬ್ಯಾಡ, ಕೊಡು ಇಲ್ಲಿ," ಅಂದಳು.

ನಾನು ಒಳಗೆ ಹೋಗಿ ಹಳೆಯದರ ಬದಲು ಹೊಸ ರಬ್ಬರು ತಂದುಕೊಟ್ಟೆ. ಇವತ್ತಿನ ಅನ್ನ ಬರಿ ಪಾತ್ರೆಯಲ್ಲೇ ಬೇಯಲಿ.