ಮೇಲವಂಕಿಯ ಗಾಣದಲ್ಲಿ ಹೆಪ್ಪುಗಟ್ಟಿದ ಚಂದ್ರ

ನಮ್ಮ ಕಡೆಯ ವಿಜ್ಞಾನ ಪ್ರದರ್ಶನದಲ್ಲಿ ವಿಜ್ಞಾನವೊಂದನ್ನು ಬಿಟ್ಟು ಉಳಿದದ್ದೆಲ್ಲ ಇರುತ್ತದೆ. ಹಾರ ಇರುತ್ತದೆ, ಉಪ್ಪಿಟ್ಟು ಇರುತ್ತದೆ, ಅಂಗಡಿಯಿಂದ ಕೊಂಡು ತಂದ ಥರ್ಮಾಕೋಲ್ ಜ್ವಾಲಾಮುಖಿಯಂತೂ ಇದ್ದೇ ಇರುತ್ತದೆ. ಸೋಡಾ ಹಾಕಿದರೆ ಕೆಂಪು ನೊರೆ ಕಾರುವ ಆ ಗುಡ್ಡವನ್ನು ನಾನು ಎಷ್ಟು ಸಲ ನೋಡಿದ್ದೇನೆಂದರೆ, ಖರೆ ಜ್ವಾಲಾಮುಖಿಯೇ ಎದುರು ಬಂದರೂ ಆಕಳಿಸಿ ಮುಂದೆ ಹೋದೇನು.

ನನ್ನ ಹೆಂಡತಿ ಮಸಗುಪ್ಪಿಯಲ್ಲಿ ಹೈಸ್ಕೂಲಿಗೆ ವಿಜ್ಞಾನ ಕಲಿಸುತ್ತಾಳೆ. ಈ ಸಲ ಅವಳಿಗೆ ಗುರುಗ್ರಹದ ಚಂದ್ರ ಯುರೋಪಾದ ಹುಚ್ಚು ಹಿಡಿದಿತ್ತು. ನೌಕೆಗಳು ತೆಗೆದ ಫೋಟೋಗಳನ್ನು ಮೊಬೈಲಿನಲ್ಲಿ ತೋರಿಸಿದಳು. ಬಿಳಿ ಹಿಮದ ನೆಲ, ಅದರ ತುಂಬ ಅಡ್ಡಾದಿಡ್ಡಿ ಕಂದು ಬಿರುಕು, ಒಡೆದು ತೇಲಿ ಮತ್ತೆ ಹೆಪ್ಪುಗಟ್ಟಿದ ಹಿಮದ ಚಪ್ಪಡಿಗಳು. ಹೆಡ್‌ಮಾಸ್ತರರು ಮಾತ್ರ, “ಅಕ್ಕಾರ, ಸುಮ್ನ ಜ್ವಾಲಾಮುಖಿ ತರ್ರಿ. ನಿಮ್ಮ ಚಂದ್ರ ಜಿಲ್ಲಾಕ್ಕ ಹೋಗಲಿಲ್ಲಂದ್ರ ಮುಂದಿನ ವರ್ಷ ಪ್ರದರ್ಶನದ ಹೊಣಿ ಬ್ಯಾರೆದವ್ರಿಗಿ ಕೊಡ್ತೇನಿ,” ಅಂದರು.

ಉಪಕಾರ ಮಾಡಲು ಹೋಗಿ ನಾನೊಂದು ಥರ್ಮಾಕೋಲ್ ಚೆಂಡಿನ ಮೇಲೆ ಸ್ಕೆಚ್‌ಪೆನ್ನಿನಿಂದ ಗೆರೆ ಎಳೆದುಕೊಟ್ಟೆ.

“ಕಲ್ಲಂಗಡಿ ಚಲೋ ಬಂದೈತಿ,” ಎಂದು ಅದನ್ನು ಮೂಲೆಗೆಸೆದಳು. ನನ್ನನ್ನೂ ಮೂವರು ವಿದ್ಯಾರ್ಥಿನಿಯರನ್ನೂ ಕಟ್ಟಿಕೊಂಡು ಮೇಲವಂಕಿಯ ಬೆಲ್ಲದ ಗಾಣಕ್ಕೆ ಹೊರಟಳು. ಅಲ್ಲಿ ಅವಳ ಕಾಕಾ ಗುಳವ್ಯಾ, ಅಂದರೆ ಪಾಕದ ಹದ ಹಿಡಿಯುವವರು.

ಕಾಕಾ ಅಗಲವಾದ ತಗಡಿನ ತಟ್ಟೆಗೆ ಬಿಸಿ ಪಾಕ ಸುರಿದರು. ಮೇಲೆ ತಿಳಿಬಣ್ಣದ ಪದರು ಬಿಗಿಯುತ್ತಲೇ ಇವಳು ತಟ್ಟೆಯನ್ನು ಮೆಲ್ಲಗೆ ಓರೆ ಮಾಡಿದಳು. ಪದರು ಸೀಳಿತು. ಒಳಗಿನ ಕಂದು ಪಾಕ ಬಿರುಕುಗಳಲ್ಲಿ ಉಕ್ಕಿ ದಿಂಡುಗಟ್ಟಿತು, ತುಂಡುಗಳು ತೇಲಿ ಸೊಟ್ಟಗೆ ತಿರುಗಿ ನಿಂತವು. ಫೋಟೋ ಬಾಜೂಕ್ಕಿಟ್ಟರೆ ಅಣ್ಣತಮ್ಮ! ಹುಡುಗಿಯರು ಕುಣಿದರು, ಇವಳು ಮೊಬೈಲಿನಲ್ಲಿ ತಟ್ಟೆಯ ಫೋಟೋ ತೆಗೆದುಕೊಂಡಳು. ಮರುದಿನ ಮುಂಜಾನೆ ಅದನ್ನು ಪ್ರದರ್ಶನ ನಡೆಯುವ ಮೂಡಲಗಿಗೆ ತಂದುಕೊಡಲು ಕಾಕಾನಿಗೆ ಹೇಳಿ ಬಂದೆವು.

ಕಾಕಾ ಹೇಳಿದ ಹೊತ್ತಿಗೇ ತಂದರು. ಬಟ್ಟೆ ಬಿಚ್ಚಿದರೆ, ಒಂದು ಗೀರೂ ಇಲ್ಲದ, ಬಂಗಾರದ ಬಣ್ಣದ, ದುಂಡನೆಯ ಬೆಲ್ಲದ ಪೆಂಟೆ.

“ಕಾಕಾ, ಬಿರುಕು ಎಲ್ಲಿ?”

“ಒಡದ ಬೆಲ್ಲಾ ನನ್ನ ಕೈಯಿಂದ ಹೊರಗ ಹೋದ್ರ ಮಂದಿ ಏನಂದಾರವಾ? ಕರಗಿಸಿ ಮತ್ತ ಎರದೇನಿ. ನೋಡು, ಹೆಂಗ ಹೊಳ್ಯಾಕತ್ತೈತಿ!”

ಇವಳ ಮುಖ ಸುಟ್ಟ ಬದನೆಕಾಯಿಯಾಯಿತು. ಅಷ್ಟರಲ್ಲಿ ಹುಕ್ಕೇರಿ ಕಡೆಯಿಂದ ಬಂದಿದ್ದ ಇಬ್ಬರು ತೀರ್ಪುಗಾರರು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ಬಂದು ನಿಂತರು.

“ಇದೇನ್ರಿ ಅಕ್ಕಾರ, ಸಂತೀ ಹಚ್ಚೀರೇನು?”

ಇವಳು ಮೊಬೈಲು ತೆಗೆದು ಅವರ ಮುಂದೆ ಹಿಡಿದಳು. “ಯುರೋಪಾ ಅಂತ ಗುರುವಿನ ಚಂದ್ರರಿ, ಸರ್. ನಮ್ಮ ಚಂದ್ರನ ಮೈತುಂಬ ಉಲ್ಕಾ ಬಡದ ಗುಂಡಿ ಅದಾವು, ಅದನ್ನ ಯಾರೂ ಮತ್ತ ಎರದಿಲ್ಲ. ಇದರ ಮ್ಯಾಲ ಗುಂಡಿ ಭಾಳ ಕಡಿಮಿ. ಒಳಗಿಂದು ಮ್ಯಾಲ ಬಂದು ಹಳೀ ಗಾಯ ಅಳಸ್ತೈತಿ. ನಿನ್ನೆ ಈ ಬೆಲ್ಲದ ಮ್ಯಾಲ ಎಷ್ಟ ಬಿರುಕಿದ್ವು, ಫೋಟೋ ನೋಡ್ರಿ. ನಮ್ಮ ಕಾಕಾ ಎಲ್ಲಾ ಅಳಿಸ್ಯಾರ. ಗಾಯ ಇಲ್ಲಂದ್ರ ನೆಲಾ ಹೊಸಾದು.”

ಆ ಮಂಟಪದಲ್ಲಿ ಆವತ್ತು ಯಾರಾದರೂ ಆಡಿದ ವಿಜ್ಞಾನದ ಮಾತು ಅದೊಂದೇ. ದೊಡ್ಡ ತೀರ್ಪುಗಾರರು ಗಂಭೀರವಾಗಿ ತಲೆಯಾಡಿಸಿದರು. ಬಗ್ಗಿದರು. ಪೆಂಟೆಯನ್ನು ಮೂಸಿ ಕೇಳಿದರು: “ಕೆಮಿಕಲ್ ಹಾಕಿಲ್ಲಲ್ರಿ?”

“ಒಂದ ಹನಿ ಇಲ್ರಿ!” ಎಂದು ಕಾಕಾ ಎದೆಯುಬ್ಬಿಸಿದರು. ಕೋಣನ ಮುಂದೆ ಕಿನ್ನರಿ ನುಡಿಸಿದರೆ ಕೋಣವಾದರೂ ಕಿವಿ ಅಲ್ಲಾಡಿಸುತ್ತದೆ. ಈ ಮಹಾಶಯರು ಉಗುರಿನಿಂದ ಒಂದು ಚೂರು ಕೆತ್ತಿ ಬಾಯಿಗೆ ಹಾಕಿಕೊಂಡು ಪಕ್ಕದ ಮೇಜಿಗೆ ಹೋದರು. ಅಲ್ಲಿ ಗುಡ್ಡ ನೊರೆ ಕಾರಿತು, ಚಪ್ಪಾಳೆ ಬಿತ್ತು. ಜಿಲ್ಲೆಗೆ ಅದೇ ಹೋಯಿತು.

ಮರಳುವಾಗ ಟೆಂಪೋದಲ್ಲಿ ಹುಡುಗಿಯರು ಪೆಂಟೆ ಒಡೆದು ಹಂಚಿದರು. ಹೆಡ್‌ಮಾಸ್ತರರು ದವಡೆ ತುಂಬ ಇಟ್ಟುಕೊಂಡು, “ಮುಂದಿನ ವರ್ಷ ಹೊಣಿ ಬ್ಯಾರೆದವ್ರಿಗಿ ಕೊಡೂದರಿ ಇನ್ನ. ಆದ್ರ ಬೆಲ್ಲಾ ಚಲೋ ಐತಿ ನೋಡ್ರಿ,” ಅಂದರು.

“ಬೆಲ್ಲಾ ಅಲ್ರಿ ಸರ್. ನೀವು ತಿನ್ನಾಕತ್ತಿದ್ದು ಚಂದ್ರ,” ಎಂದಳು ನನ್ನ ಹೆಂಡತಿ, ಅವರು ಚಾಚಿದ ಕೈಗೆ ಎರಡನೆಯ ತುಂಡು ಕೊಡದೆ.