ಸಾಣೆಕಲ್ಲು ಫಾದರ್

ದೀಕ್ಷೆಯ ಎಣ್ಣೆ ಅಂಗೈಯಲ್ಲಿ ಆರುವ ಮೊದಲೇ ಹೊಸ ಗುರುಗಳನ್ನು ಬಿಷಪ್ಪರು ಈ ಮುದಿ ಫಾದರ್ ಹತ್ತಿರ ಅಟ್ಟಿಬಿಡುತ್ತಿದ್ದರು. ಸಾವಿನ ಮನೆಯಲ್ಲಿ ಎಷ್ಟು ಮಾತಾಡಬೇಕು, ಹಾಡುವ ಮಂಡಳಿಯ ಜಗಳಕ್ಕೆ ಎಷ್ಟು ಕಿವುಡಾಗಬೇಕು, ಎಲ್ಲ ಕಲಿಸಿ ಕಳಿಸುವುದು ಇವರ ಪಾಲಿನ ಕೆಲಸ. ಹುಡುಗರು ಬೆನ್ನ ಹಿಂದೆ ಇಟ್ಟ ಹೆಸರು ಸಾಣೆಕಲ್ಲು. ಮೊದಲೆಲ್ಲ ಅದನ್ನು ಕೇಳಿ ನಗುತ್ತಿದ್ದರು. ಈಗ, ಕತ್ತಿ ಹರಿತವಾಗುತ್ತದೆ ಸರಿ, ಕಲ್ಲು ಸವೆಯುವುದನ್ನು ಯಾವನು ನೋಡುತ್ತಾನೆ ಎಂದು ಗೊಣಗುತ್ತಿದ್ದರು. ಹೋದ ಸಲ ಬಂದವನು ನಿಲುವಂಗಿ ಕಳಚಿಟ್ಟು ಮನೆಗೇ ಹೊರಟುಹೋಗಿದ್ದ. ಇನ್ನೊಬ್ಬನನ್ನು ಕಳಿಸುತ್ತೇವೆ ಎಂದಾಗ ಇವರಿಗೆ ಬೇಡ ಎನ್ನುವುದಕ್ಕೂ ಸುಸ್ತು.

ಹಾಗೆ ಬಂದವನೇ ಮರಿ ಫಾದರ್. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ಇವನದೂ ಅದೇ ಕಥೆ. ಪೂಜೆಯಲ್ಲಿ ಇವನ ಉಪದೇಶದ ಪ್ರಸಂಗ ಮುಗಿಯುವಷ್ಟರಲ್ಲಿ ಮುಂದಿನ ಸಾಲಿನ ಅಜ್ಜಿಯರದು ಒಂದು ನಿದ್ದೆ ಆಗಿರುತ್ತಿತ್ತು. ಅದೇನು, ತಾನಾಗಿ ಇಳಿಯುವ ಜ್ವರ. ಆದರೆ ಈ ಶನಿವಾರ ಮಧ್ಯಾಹ್ನ ಅವನು ತಟ್ಟೆ ಮುಟ್ಟದೆ ಕೂತಿದ್ದ.

"ಏನಯ್ಯಾ, ಅಡಿಗೆಯಮ್ಮನ ಮೇಲೆ ಸಿಟ್ಟಾ?"

"ಫಾದರ್, ಪಾಪನಿವೇದನೆಗೆ ಬಂದ ಒಬ್ಬರಿಗೆ ಬೈದುಬಿಟ್ಟೆ. ಅರ್ಧಕ್ಕೇ ಎದ್ದು ಹೋದ್ರು. ಅವರು..."

ಮುದಿ ಫಾದರ್ ಕೈಯೆತ್ತಿದರು. "ಸಾಕು. ಮುಂದೆ ಒಂದಕ್ಷರ ಬೇಡ."

"ಮನೆಗೆ ಹೋಗಿ ಕ್ಷಮೆ ಕೇಳ್ಕೊಂಡು ಬರ್ತೀನಿ."

"ಹೋದ್ರೆ ಕೆಟ್ಟೆ. ಅಲ್ಲಿ ಕೇಳಿದ್ದು ಅಲ್ಲೇ. ನನ್ನ ಹತ್ರ ಇರ್ಲಿ, ಹೇಳಿದವರ ಹತ್ರಾನೂ ನೀನಾಗಿ ಆ ಮಾತು ಎತ್ತೋ ಹಾಗಿಲ್ಲ. ಅವರೇ ಬರ್ಬೇಕು."

"ಬರದಿದ್ರೆ?"

"ಹೊತ್ಕೊಂಡಿರ್ಬೇಕು."

"ಹಾಗಾದ್ರೆ ನಾನಿನ್ನು ಆ ಪಾಪನಿವೇದನೆ ಗೂಡಲ್ಲಿ ಕೂರಲ್ಲ. ಬಿಷಪ್ಪರಿಗೆ ಹೇಳಿ ಹೊರಟುಹೋಗ್ತೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಅದನ್ನು ಈಗ ಹೇಳಿದರೆ ಗಾಯಕ್ಕೆ ಉಪ್ಪು ಸವರಿದಂತಾದೀತು. ಸಮಾಧಾನದ ಮಾತುಗಳನ್ನು ವರ್ಷಗಟ್ಟಲೆ ಹಂಚಿ ಹಂಚಿ ಬುಟ್ಟಿ ಬರಿದಾಗಿತ್ತು. ಇವನೂ ಹೋಗುತ್ತಾನೆ ಎಂದು ಭಯವಾಯಿತು. ಹೋದರೆ ಹೋಗಲಿ ಎಂದು ಮನಸ್ಸು ಒಳಗೊಳಗೇ ಹೇಳಿದ್ದಕ್ಕೆ ಅದಕ್ಕಿಂತ ಹೆಚ್ಚು ಭಯವಾಯಿತು.

"ಇವತ್ತೊಂದಿನ ಕೂತ್ಕೋ," ಎಂದರು. "ಒಬ್ಬರು ಬರೋದಿದೆ."

ಸಂಜೆ ಮರಿ ಫಾದರ್ ಕೊರಳಿಗೆ ನೇರಳೆ ಪಟ್ಟಿ ಹಾಕಿಕೊಂಡು ಗೂಡಿನೊಳಗೆ ಕೂತ. ಚರ್ಚಿನಲ್ಲಿ ಹೂದಾನಿಯ ನೀರು ಬದಲಿಸುವ ಹೆಂಗಸು ಬಿಟ್ಟರೆ ಯಾರೂ ಇರಲಿಲ್ಲ. ಮುದಿ ಫಾದರ್ ಬೆಂಚು ಹಿಡಿದು ಹಿಡಿದು ಬಂದು ಜಾಲರಿಯ ಈಚೆ ಮಂಡಿಯೂರಿದರು. ತಮ್ಮ ಪಾಪಗಳನ್ನು ಅವರು ಪಕ್ಕದೂರಿನ ಹಳೆಯ ಗೆಳೆಯನ ಹತ್ತಿರ ಹೇಳಿಕೊಳ್ಳುವುದು ರೂಢಿ. ತಾವು ತಿದ್ದಬೇಕಾದ ಹುಡುಗನ ಮುಂದೆ ಬಾಯಿಬಿಡುವುದು ಇದೇ ಮೊದಲು, ನಾಲಿಗೆ ತಡವರಿಸಿತು.

"ನಂಗೆ ಸಾಕಾಗಿದೆ. ಪ್ರಾರ್ಥನೆ ಬಾಯಲ್ಲಿದೆ, ಒಳಗಿಲ್ಲ. ನನ್ನ ಹತ್ರ ಇರೋ ಹುಡುಗ ಇವತ್ತು ಹೋಗ್ತೀನಿ ಅಂದ. ಪೀಡೆ ತೊಲಗಿತು ಅನ್ನಿಸ್ತು. ಅವನ ಸಂಕಟಕ್ಕಿಂತ ನನ್ನ ನಿದ್ದೆ ದೊಡ್ಡದಾಯ್ತು."

ಇನ್ನು ಬೈಗುಳ ಬರಬೇಕು, ಇಲ್ಲವೇ ಪ್ರಸಂಗ ಬರಬೇಕು. ಎರಡಕ್ಕೂ ತಲೆ ತಗ್ಗಿಸಿ ಕಾದರು. ಏನೂ ಬರಲಿಲ್ಲ. ಹುಡುಗ ಸುಮ್ಮನೆ ಕೇಳುತ್ತಿದ್ದ. ಯಾರಿಗೂ ಬಾಯಿಮಾತಿನಲ್ಲಿ ಕಲಿಸಲಾಗದ ವಿದ್ಯೆ ಅದು.

"ಇನ್ನೇನಾದ್ರೂ ಹೇಳೋದಿದೆಯಾ?" ಆಚೆಯಿಂದ ಮೆತ್ತಗಿನ ದನಿ.

"ಇಲ್ಲ. ಇಷ್ಟೇ."

ಆಚೆ ಮೂಗು ಒರೆಸಿಕೊಂಡ ಸದ್ದಾಯಿತು.

"ಪ್ರಾಯಶ್ಚಿತ್ತ ಹೇಳ್ತೀನಿ. ಈ ವಾರ ಪೂರ್ತಿ ಬೆಳಗಿನ ಪೂಜೆ ನಂದು. ನೀವು ಬಿಸಿಲೇರೋವರೆಗೂ ಮಲಗಿರ್ಬೇಕು."

"ವಾರ ಪೂರ್ತಿನಾ?"

"ಸಾಲದಿದ್ರೆ ಇನ್ನೊಂದು ವಾರ."

ಮುದುಕರು ಜಾಲರಿಗೆ ಹಣೆ ಆನಿಸಿದರು. "ಆಗ್ಲಿ, ಫಾದರ್," ಎಂದರು.